ನಕ್ಷೆಯ ಛಾಯೆ ಅಚ್ಚಿನವರೆಗೆ ಉಳಿಯಬೇಕಾದರೆ

ಊರಿನಿಂದ ಹೊಸದಾಗಿ ಬಂದ ಬಂಧುಗಳು ನಮ್ಮ ವಾಚನಾಲಯಕ್ಕೆ ಕಾಲಿಟ್ಟೊಡನೆ ಪತ್ರಿಕೆ ಕೇಳುವುದಕ್ಕೆ ಮೊದಲು ದಾರಿ ಕೇಳುತ್ತಾರೆ. ಅಣ್ಣಾ ನಗರವು ಅಳತೆಯಿಟ್ಟು ಕಟ್ಟಿದ ಬಡಾವಣೆ. ಅವೆನ್ಯೂ, ಮುಖ್ಯರಸ್ತೆ, ಅಡ್ಡರಸ್ತೆ, ಬ್ಲಾಕು ಎಂದು ಎಲ್ಲಕ್ಕೂ ಒಂದು ಸಂಖ್ಯೆ, ಇಲ್ಲವೆ ಒಂದು ಇಂಗ್ಲಿಷ್ ಅಕ್ಷರ. ಹಳಬರಿಗೆ ಇದು ಬಲು ಅನುಕೂಲ. ಹೊಸಬರಿಗೋ ಎಲ್ಲ ರಸ್ತೆಯೂ ಒಂದೇ ಬಗೆಯಾಗಿ ಕಂಡು ತಲೆ ತಿರುಗುತ್ತದೆ. ಫೋನಿನಲ್ಲಿ ನಕ್ಷೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಆದರೆ ಅದರಲ್ಲಿ ಹೆಸರುಗಳು ಹೆಚ್ಚಾಗಿ ತಮಿಳು ಮತ್ತು ಇಂಗ್ಲಿಷಿನಲ್ಲಿವೆ. ರಾತ್ರಿ ರೈಲಿಳಿಯುವ ಹೊತ್ತಿಗೆ ಫೋನಿನ ಬ್ಯಾಟರಿ ಮುಗಿದಿರುವುದೂ ಉಂಟು. ಆದಕಾರಣ, ಜೇಬಿನಲ್ಲಿ ಮಡಿಸಿ ಇಟ್ಟುಕೊಳ್ಳಬಹುದಾದ ಒಂದು ಕನ್ನಡ ನಕ್ಷೆಯನ್ನು ನಾವೇ ಮಾಡಿ ಹಂಚೋಣವೆಂದು ಸಂಘದಲ್ಲಿ ತೀರ್ಮಾನವಾಯಿತು.

ನಾವು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ನಕ್ಷೆಯ ಶಾಸ್ತ್ರವನ್ನು ಯಾರ ಬಳಿಯೂ ಕ್ರಮವಾಗಿ ಕಲಿತವರಲ್ಲ. ವಾಚನಾಲಯದ ಕಂಪ್ಯೂಟರಿನ ಮುಂದೆ ಭಾನುವಾರಗಳಲ್ಲಿ ಕುಳಿತು, ಕೆಡಿಸಿ, ತಿದ್ದಿ ಕಲಿತದ್ದಷ್ಟೆ. ನಮ್ಮ ವಾಚಕರಲ್ಲಿ ಡಿಟಿಪಿ ಅಂಗಡಿಗಳಲ್ಲಿ, ಫ್ಲೆಕ್ಸ್ ಅಚ್ಚು ಹಾಕುವಲ್ಲಿ, ಕಂಪೆನಿಗಳ ನಕ್ಷೆ ವಿಭಾಗದಲ್ಲಿ ದುಡಿಯುವವರು ಹಲವರಿದ್ದಾರೆ. ಮದುವೆಯ ಕರೆಯೋಲೆಗೆ ದಾರಿಯ ನಕ್ಷೆ ಬಿಡಿಸುವವರೂ ಇದ್ದಾರೆ. ನಾವು ಎಡವಿದ ಕಡೆ ಅವರು ಎಡವದಿರಲೆಂದು ಈ ಲೇಖನ.

ಮೊದಲ ಅಚ್ಚು ಕೆಟ್ಟದ್ದು ಹೇಗೆ

ನಕ್ಷೆಗೆ ಬೇಕಾದ ರಸ್ತೆ, ಕಟ್ಟಡ, ನಿಲ್ದಾಣಗಳ ವಿವರವನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ಭಂಡಾರದಿಂದ ತೆಗೆದುಕೊಂಡೆವು. 2004ರಲ್ಲಿ ಆರಂಭವಾದ ಈ ಭಂಡಾರವನ್ನು ಲೋಕದ ಎಲ್ಲೆಡೆಯ ಸ್ವಯಂಸೇವಕರು ತುಂಬುತ್ತಾರೆ. ಯಾರು ಬೇಕಾದರೂ ಬಳಸಬಹುದು. ಆದರೆ ನಕ್ಷೆಯ ಮೂಲೆಯಲ್ಲಿ ಅವರ ಹೆಸರನ್ನು ಅಚ್ಚು ಮಾಡಲೇಬೇಕು. ನಕ್ಷೆಯನ್ನು ಜೋಡಿಸಿದ್ದು ಕ್ಯೂಜಿಐಎಸ್ ಎಂಬ ತಂತ್ರಾಂಶದಲ್ಲಿ. ಅದಕ್ಕೂ ಕಾಸಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ನಕ್ಷೆ ಸೊಗಸಾಗಿ ಬಂತು. 2017ರ ಮೇ ತಿಂಗಳಿನಿಂದ ಅಣ್ಣಾ ನಗರದ ನೆಲದಡಿಯಲ್ಲಿ ಮೆಟ್ರೋ ರೈಲು ಓಡುತ್ತಿದೆಯಷ್ಟೆ. ಹಳಿ ನೆಲದ ಕೆಳಗಿದೆ ಎಂದು ತೋರುವಂತೆ ಅದನ್ನು ಅಗಲವಾದ ನೀಲಿ ಪಟ್ಟಿಯಾಗಿ ಎಳೆದು, ಆ ಪದರಕ್ಕೆ ಪಾರದರ್ಶಕತೆ ಕೊಟ್ಟೆವು. ಕೆಳಗಿನ ರಸ್ತೆಗಳು ಅದರ ಮೂಲಕ ಕಾಣುತ್ತಿದ್ದವು. ಗೋಪುರದ ಉದ್ಯಾನಕ್ಕೆ ಹಸಿರು ಛಾಯೆ, ಗೋಪುರದ ಗುರುತಿಗೆ ಒಂದು ಮೃದುವಾದ ನೆರಳು. ಈ ಗೋಪುರದ ಮೇಲೆ ನಮ್ಮವರಿಗೆ ವಿಶೇಷ ಮಮತೆ. 1968ರ ವಾಣಿಜ್ಯ ಮೇಳದ ಕಾಲದಲ್ಲಿ ಎದ್ದ 135 ಅಡಿಯ ಈ ಗೋಪುರಕ್ಕೆ ಮುದ್ದೇನಹಳ್ಳಿಯ ಡಾ. ವಿಶ್ವೇಶ್ವರಯ್ಯನವರ ಹೆಸರಿದೆ. ಬಹುಕಾಲ ಮೇಲೆ ಹತ್ತಲು ಬಿಡದೆ ಮುಚ್ಚಿದ್ದು, 2023ರಲ್ಲಿ ಮತ್ತೆ ತೆರೆದರು. ಆ ಹೆಸರನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದೆವು.

ಮುದ್ರಣಾಲಯದವರು ತಿದ್ದಲು ಅನುಕೂಲವಾಗುವಂತೆ ರೇಖೆ ರೇಖೆಯಾಗಿಯೂ, ಅಕ್ಷರ ಅಕ್ಷರವಾಗಿಯೂ ಇರುವ ಕಡತ ಕೊಡಿರೆಂದರು. ನಾವು ಹಿಂದುಮುಂದು ನೋಡದೆ, ‘ಎಲ್ಲವನ್ನೂ ರೇಖೆಯಾಗಿಯೇ ಕಳುಹಿಸು’, ‘ಅಕ್ಷರಗಳನ್ನು ಅಕ್ಷರವಾಗಿಯೇ ಕಳುಹಿಸು’ ಎಂಬ ಎರಡು ಮನೆಗಳಿಗೂ ಗುರುತು ಹಾಕಿ ಎಸ್‌ವಿಜಿ ಕಡತ ಕೊಟ್ಟೆವು. ಕರಡು ತರಿಸಿ ನೋಡಲಿಲ್ಲ. 200 ಪ್ರತಿ ಅಚ್ಚಾಗಿ ಬಂದವು.

ಬಂದುದನ್ನು ನೋಡಿ ಬಾಯಿ ಕಟ್ಟಿತು. ಪಾರದರ್ಶಕ ನೀಲಿ ಗಟ್ಟಿ ನೀಲಿಯಾಗಿ ರಸ್ತೆಗಳನ್ನು ನುಂಗಿತ್ತು. ನಿಲ್ದಾಣಗಳ ಹೆಸರನ್ನು ನಾವು ಕಡುನೀಲಿಯಲ್ಲಿ ಬರೆದಿದ್ದೆವು. ಪಟ್ಟಿಯ ಮೇಲೆ ಬಿದ್ದ ಭಾಗವೆಲ್ಲ ನೀಲಿಯೊಳಗೆ ನೀಲಿಯಾಗಿ ಅಡಗಿತ್ತು. ವಿಶ್ವೇಶ್ವರಯ್ಯನವರ ಹೆಸರು ‘ವಿಶ್‌ವೇಶ್‌ವರಯ್‌ಯ’ ಎಂದು ಒಡೆದು ನಿಂತಿತ್ತು.

ನಾಚಿಕೆಯಾದರೂ ಹಣ ಖರ್ಚಾಗಿತ್ತಲ್ಲ, ಇರಲಿ ಎಂದು ಕೆಲವು ಪ್ರತಿಗಳನ್ನು ಹಂಚಿದೆವು. ಅದು ನಮ್ಮ ಎರಡನೆಯ ತಪ್ಪು. ರಾಯಚೂರು ಕಡೆಯ ಹುಡುಗನೊಬ್ಬ, ಮರುದಿನ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕಾದವನು, ಗೆಳೆಯ ಕೊಟ್ಟ ಆ ನಕ್ಷೆ ಹಿಡಿದು ರಾತ್ರಿ ಸೆಂಟ್ರಲ್‌ನಿಂದ ಮೆಟ್ರೋ ಹತ್ತಿದ. ಅವನು ಇಳಿಯಬೇಕಾದದ್ದು ಅಣ್ಣಾ ನಗರ ಟವರ್ ನಿಲ್ದಾಣದಲ್ಲಿ. ನಕ್ಷೆಯಲ್ಲಿ ‘ಟವರ್’ ಎಂಬ ಪದವು ಪಟ್ಟಿಯ ಮೇಲೆ ಬಿದ್ದು ಮಾಯವಾಗಿತ್ತು. ‘ಅಣ್ಣಾ ನಗರ’ ಎಂದಷ್ಟೇ ಓದಿಕೊಂಡ. ಸೆಂಟ್ರಲ್‌ನಿಂದ ಬರುವಾಗ ಮೊದಲು ಸಿಗುವುದು ಅಣ್ಣಾ ನಗರ ಪೂರ್ವ. ಅಲ್ಲೇ ಇಳಿದ. ಭಾಷೆ ಬಾರದ ಊರಿನಲ್ಲಿ ಬ್ಲಾಕುಗಳ ನಡುವೆ ಅಲೆದು, ಕಡೆಗೆ ಒಂದು ಅಂಗಡಿಯ ಜಗುಲಿಯ ಮೇಲೆ ರಾತ್ರಿ ಕಳೆದ. ಬೆಳಗ್ಗೆ ತಡವಾಗಿ ಹೋಗಿ ಮೊದಲ ದಿನದ ಕೂಲಿ ಕಳೆದುಕೊಂಡ. ಈ ಸಂಗತಿ ಕೇಳಿದ ಮೇಲೆ, ನಕ್ಷೆಯ ಛಾಯೆ ಎಂಬುದು ಬರಿಯ ಶೃಂಗಾರದ ಮಾತಲ್ಲವೆಂದು ನಮಗೆ ಮನದಟ್ಟಾಯಿತು.

ಛಾಯೆ ಕಳೆದುಹೋಗಲು ಕಾರಣ

ಕಂಪ್ಯೂಟರಿನ ಚಿತ್ರಗಳಲ್ಲಿ ಎರಡು ಜಾತಿ. ಒಂದು ರೇಖಾಚಿತ್ರ, ಮತ್ತೊಂದು ಚುಕ್ಕಿಚಿತ್ರ. ನಮ್ಮ ಹೆಣ್ಣುಮಕ್ಕಳು ರಂಗೋಲಿಯನ್ನು ಒಬ್ಬರಿಗೊಬ್ಬರು ಹೇಳಿಕೊಡುವ ರೀತಿಯನ್ನು ನೆನೆಯಿರಿ. ‘ಏಳು ಚುಕ್ಕಿ ಇಡು, ಈ ಚುಕ್ಕಿಯಿಂದ ಆ ಚುಕ್ಕಿಗೆ ಎಳೆ’ ಎಂದು ಹೇಳುವುದು ರೇಖಾಚಿತ್ರದಂತೆ. ಚಿಕ್ಕ ಹೊಸ್ತಿಲಿಗೂ ದೊಡ್ಡ ಅಂಗಳಕ್ಕೂ ಆ ಮಾತು ಸಾಕು. ಹಾಕಿದ ರಂಗೋಲಿಯ ಫೋಟೋ ತೆಗೆದು ಕೊಡುವುದು ಚುಕ್ಕಿಚಿತ್ರದಂತೆ. ಕಂಡದ್ದೆಲ್ಲ ಇರುತ್ತದೆ, ಆದರೆ ಹಿಗ್ಗಿಸಿದರೆ ಮಸುಕಾಗುತ್ತದೆ, ಒಂದು ಎಳೆಯನ್ನೂ ಬದಲಿಸಲಾಗುವುದಿಲ್ಲ.

ಛಾಯೆ, ಪಾರದರ್ಶಕತೆ, ಬಣ್ಣದ ಬೆರಕೆ ಇವು ಈ ಎರಡು ಜಾತಿಗೂ ಸೇರಿದವಲ್ಲ. ಅವು ಕೆಳಗಿನ ಬಣ್ಣದ ಮೇಲೆ ಮಾಡುವ ಲೆಕ್ಕ. ಉದಾಹರಣೆಗೆ ‘ಮಲ್ಟಿಪ್ಲೈ’ ಎಂಬ ಬೆರಕೆಯನ್ನು ನೋಡೋಣ. ಕಂಪ್ಯೂಟರಿನಲ್ಲಿ ಪ್ರತಿ ಬಣ್ಣದ ಪ್ರಮಾಣವೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಮೇಲಿನ ಸಂಖ್ಯೆಯನ್ನು ಕೆಳಗಿನ ಸಂಖ್ಯೆಯಿಂದ ಗುಣಿಸಿ 255ರಿಂದ ಭಾಗಿಸಿದರೆ ಬೆರಕೆಯ ಬಣ್ಣ ಬರುತ್ತದೆ. ಮೇಲೆ 128ರ ಬೂದು, ಕೆಳಗೆ 200ರ ಹಸಿರು ಇದ್ದರೆ ಫಲ ಸುಮಾರು 100. ಮೇಲಿನದು ಬಿಳಿ, ಅಂದರೆ 255 ಆಗಿದ್ದರೆ ಕೆಳಗಿನ ಬಣ್ಣ ಹಾಗೆಯೇ ಉಳಿಯುತ್ತದೆ. ಎರಡು ಬಣ್ಣದ ಗಾಜುಕಾಗದಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಂತೆ.

ಲೆಕ್ಕದ ಪುಸ್ತಕ ಬರೆಯುವವರಿಗೆ ಇದರ ತೊಡಕು ಬೇಗ ತಿಳಿಯುತ್ತದೆ. ಒಂದು ಬಿಲ್ಲಿನಲ್ಲಿ ‘ಸರಕು 1,000 ರೂಪಾಯಿ, ಮೇಲಿನದರಲ್ಲಿ ಶೇಕಡಾ 10 ವಜಾ, ನಿವ್ವಳ 900’ ಎಂದಿದೆಯೆನ್ನಿ. ಇದನ್ನು ಬೇರೊಂದು ಪುಸ್ತಕಕ್ಕೆ ಇಳಿಸುವಾಗ ಮೂರು ದಾರಿಗಳಿವೆ. 900 ಎಂದಷ್ಟೇ ಬರೆದರೆ ಮೊಬಲಗು ಸರಿ, ಆದರೆ ಅದು ಹೇಗೆ ಬಂತೆಂದು ತಿಳಿಯದು, ಮುಂದೆ ತಿದ್ದಲೂ ಆಗದು. ವಜಾದ ಸಾಲನ್ನು ಬಿಟ್ಟು 1,000 ಎಂದು ಬರೆದರೆ ಲೆಕ್ಕವೇ ತಪ್ಪು. ಮೂರು ಸಾಲನ್ನೂ ಬರೆದು, ಆ ಪುಸ್ತಕದ ಗುಮಾಸ್ತರಿಗೂ ವಜಾದ ಕ್ರಮ ಗೊತ್ತಿದ್ದರೆ ಎಲ್ಲವೂ ಸರಿ.

ನಕ್ಷೆಯ ಗತಿಯೂ ಹೀಗೆಯೇ. ಕ್ಯೂಜಿಐಎಸ್‌ನಲ್ಲಿ ಒಂದೇ ಒಂದು ಪದರಕ್ಕೆ ಬೆರಕೆಯನ್ನೋ ಪದರದ ಪಾರದರ್ಶಕತೆಯನ್ನೋ ಕೊಟ್ಟಿದ್ದರೂ, ಹೊರಗೆ ಕಳುಹಿಸುವಾಗ ಇಡೀ ನಕ್ಷೆಯೇ ಚುಕ್ಕಿಚಿತ್ರವಾಗಿ ಬಿಡಬಹುದು. ಇದು 900 ಎಂದು ಬರೆದಂತೆ. ಅದು ಬೇಡವೆಂದು ‘ಎಲ್ಲವನ್ನೂ ರೇಖೆಯಾಗಿಯೇ ಕಳುಹಿಸು’ ಎಂದರೆ ಲೆಕ್ಕದ ಸಾಲು ಬಿದ್ದುಹೋಗುತ್ತದೆ. ನಮಗೆ ಆದದ್ದು ಇದೇ. ತಂತ್ರಾಂಶವು ಆ ಮನೆಯ ವಿವರಣೆಯಲ್ಲಿ ‘ನಕ್ಷೆಯ ರೂಪ ಪರದೆಯಲ್ಲಿ ಕಂಡಂತೆ ಬಾರದಿರಬಹುದು’ ಎಂಬ ಅರ್ಥದ ಎಚ್ಚರಿಕೆಯನ್ನು ಕೊಟ್ಟೇ ಇದೆ; ನಾವು ಓದಿರಲಿಲ್ಲ.

ಎಸ್‌ವಿಜಿ, ಪಿಡಿಎಫ್ ಎಂಬ ಕಡತಗಳಿಗೆ ಈ ಲೆಕ್ಕ ಬರುವುದಿಲ್ಲವೆಂದು ತಿಳಿಯಬಾರದು. ಪಿಡಿಎಫ್‌ನ 1.4ನೆಯ ಆವೃತ್ತಿ 2001ರಲ್ಲಿ ಬಂದಾಗಲೇ ಅದರಲ್ಲಿ ಪಾರದರ್ಶಕತೆಗೂ ಬಣ್ಣದ ಬೆರಕೆಗೂ ಜಾಗವಾಯಿತು. ಎಸ್‌ವಿಜಿಯಲ್ಲಿಯೂ ಮಸುಕು, ನೆರಳುಗಳಿಗೆ ಕ್ರಮವಿದೆ. ಆದರೆ ನಕ್ಷೆಯ ತಂತ್ರಾಂಶವು ಕಡತ ಬರೆಯಲು ನೆಚ್ಚಿರುವ ಉಪಕರಣ ಅಷ್ಟನ್ನೆಲ್ಲ ಬರೆಯಲಾರದು. ಕೇಳುವವನಿಗೆ ಭಾಷೆ ಬಂದರೂ ಹೇಳುವವನ ಮಾತು ಸಾಲದೆ ಹೋದಂತೆ.

ಮೂರು ಉಪಾಯಗಳು

ಮೊದಲು ಒಂದು ಹಾಳೆಯಲ್ಲಿ ನಕ್ಷೆಯ ಎಲ್ಲ ಛಾಯೆಗಳ ಪಟ್ಟಿ ಮಾಡಿ, ಒಂದೊಂದರ ಮುಂದೆಯೂ ‘ಇದು ಹೋದರೆ ಓದುವವನಿಗೆ ಏನು ನಷ್ಟ?’ ಎಂದು ಬರೆಯಿರಿ. ನಮ್ಮ ಪಟ್ಟಿಯಲ್ಲಿ ಸುರಂಗದ ತಿಳಿನೀಲಿ ಹೋದರೆ ದಾರಿಯೇ ತಪ್ಪುತ್ತದೆ. ಗೋಪುರದ ನೆರಳು ಹೋದರೆ ಯಾರಿಗೂ ನಷ್ಟವಿಲ್ಲ. ಅದನ್ನು ತೆಗೆದೇಬಿಟ್ಟೆವು. ಉಳಿಯಲೇಬೇಕಾದುವಕ್ಕೆ ಈ ಮುಂದಿನ ಉಪಾಯಗಳು.

1. ಲೆಕ್ಕವೇ ಬೇಡದಂತೆ ಬಣ್ಣ ಕೊಡುವುದು. ಪದರಕ್ಕೆ ಪಾರದರ್ಶಕತೆ ಕೊಡುವ ಬದಲು, ಗುರುತಿನ ಬಣ್ಣಕ್ಕೇ ಪಾರದರ್ಶಕತೆ ಕೊಟ್ಟರೆ ಅದು ರೇಖೆಯಾಗಿಯೇ ಉಳಿದು ಸುರಕ್ಷಿತವಾಗಿ ಹೋಗುತ್ತದೆ. ಪರದೆಯಲ್ಲಿ ಎರಡೂ ಒಂದೇ ಬಗೆಯಾಗಿ ಕಂಡರೂ ಕಡತದಲ್ಲಿ ಬೇರೆ ಬೇರೆ. ಒಂದು ಎಚ್ಚರಿಕೆ: ಸುರಂಗದ ರೇಖೆ ತುಂಡು ತುಂಡಾಗಿದ್ದು, ತುಂಡುಗಳು ಒಂದರ ಮೇಲೊಂದು ಬಿದ್ದರೆ ಆ ಗಂಟುಗಳಲ್ಲಿ ಬಣ್ಣ ಇನ್ನಷ್ಟು ಕಪ್ಪಾಗುತ್ತದೆ. ಮೊದಲು ತುಂಡುಗಳನ್ನೆಲ್ಲ ಸೇರಿಸಿ ಒಂದೇ ರೇಖೆ ಮಾಡಿಕೊಳ್ಳಬೇಕು.

ಕೆಳಗೆ ಬರಿಯ ಬಿಳಿಯೇ ಇರುವಲ್ಲಿ ಪಾರದರ್ಶಕತೆಯ ಗೊಡವೆಯೇ ಬೇಡ. ಫಲದ ಬಣ್ಣವನ್ನು ಕೈಲೆಕ್ಕದಲ್ಲಿ ಕಂಡುಕೊಂಡು ಅದನ್ನೇ ಗಟ್ಟಿಯಾಗಿ ಕೊಡಿ. ಕೆಂಪು 0, ಹಸಿರು 70, ನೀಲಿ 160 ಇರುವ ಕಡುನೀಲಿಯನ್ನು ಶೇಕಡಾ 40ರಷ್ಟು ಬಿಳಿಯ ಮೇಲೆ ಹಚ್ಚಿದರೆ ಬರುವುದು 153, 181, 217. ಇದು ಯಾವ ಯಂತ್ರದಲ್ಲಿಯೂ ಕೆಡದು.

2. ಛಾಯೆಯನ್ನೂ ರೇಖೆಯನ್ನೂ ಬೇರೆ ಬೇರೆ ಕಳುಹಿಸಿ ಮತ್ತೆ ಕೂಡಿಸುವುದು. ವಾಚನಾಲಯದ ಗೋಡೆಗೆ ನಾವು ಮಾಡಿದ ಕರ್ನಾಟಕದ ನಕ್ಷೆಯಲ್ಲಿ ಈ ಉಪಾಯ ಕೈಗೂಡಿತು. 31 ಜಿಲ್ಲೆಗಳಿಗೆ ಬೇರೆ ಬೇರೆ ತಿಳಿಬಣ್ಣ. ಅದರ ಮೇಲೆ ಸಹ್ಯಾದ್ರಿಯ ಏರಿಳಿತ ಕಾಣುವಂತೆ ಬೂದು ಛಾಯೆ. ಬೆಟ್ಟಗಳ ಎತ್ತರದ ವಿವರ 2000ನೆಯ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದದ್ದು. ಬೆಳಕು ವಾಯವ್ಯ ದಿಕ್ಕಿನಿಂದ ಬೀಳುವಂತೆ ಛಾಯೆ ಹಾಕುವುದು ರೂಢಿ. ತಿರುಗಿಸಿ ಹಾಕಿದರೆ ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯೂ ಕಣ್ಣಿಗೆ ಹಳ್ಳದಂತೆ ಕಂಡೀತು. ಈ ಛಾಯೆಗೆ ಮಲ್ಟಿಪ್ಲೈ ಬೆರಕೆ ಇಲ್ಲದಿದ್ದರೆ ಬೂದು ಬಣ್ಣ ಜಿಲ್ಲೆಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಕ್ರಮ ಹೀಗೆ: ಹಾಳೆಯ ಅಳತೆಯನ್ನೂ ನಕ್ಷೆಯ ಚೌಕಟ್ಟನ್ನೂ ಮೊದಲು ಸ್ಥಿರಪಡಿಸಿ, ನಾಲ್ಕು ಮೂಲೆಗಳಲ್ಲಿ ಚಿಕ್ಕ ಕೂಡುಗುರುತುಗಳನ್ನು ಹಾಕಿ. ಬೆಟ್ಟದ ಛಾಯೆಯೊಂದನ್ನೇ ಉಳಿಸಿ ಮಿಕ್ಕ ಪದರಗಳನ್ನು ಮರೆಮಾಡಿ, ಅಂಗುಲಕ್ಕೆ 300 ಚುಕ್ಕಿಯಂತೆ ಪಿಎನ್‌ಜಿ ಚಿತ್ರ ತೆಗೆಯಿರಿ. ಎ3 ಹಾಳೆಗೆ ಅದು 3,508ಕ್ಕೆ 4,961 ಚುಕ್ಕಿ. ಬಳಿಕ ಛಾಯೆಯನ್ನು ಮರೆಮಾಡಿ, ಜಿಲ್ಲೆ, ನದಿ, ಗಡಿ, ಹೆಸರುಗಳನ್ನು ಯಾವ ಬೆರಕೆಯೂ ಇಲ್ಲದೆ ರೇಖೆಯಾಗಿ ಕಳುಹಿಸಿ. ಪದರಗಳನ್ನು ಗುಂಪು ಗುಂಪಾಗಿ ಕಳುಹಿಸುವ ಮನೆಗೆ ಗುರುತು ಹಾಕಿದರೆ ಪದರಗಳು ಕಲಸಿಹೋಗುವುದಿಲ್ಲ. ಹೆಸರುಗಳ ಜಾಗ ಮಾತ್ರ ತುಸು ಸರಿಯಬಹುದು, ನೋಡಿಕೊಳ್ಳಿ. ಕಡೆಗೆ ಇಂಕ್‌ಸ್ಕೇಪ್‌ನಲ್ಲಾಗಲಿ ಇಲಸ್ಟ್ರೇಟರ್‌ನಲ್ಲಾಗಲಿ ಎರಡನ್ನೂ ತೆರೆದು, ಛಾಯೆಯ ಚಿತ್ರವನ್ನು ಜಿಲ್ಲೆಯ ಬಣ್ಣಕ್ಕಿಂತ ಮೇಲೆ, ಗಡಿ ಮತ್ತು ಹೆಸರುಗಳಿಗಿಂತ ಕೆಳಗೆ ಇಟ್ಟು, ಕೂಡುಗುರುತುಗಳನ್ನು ಹೊಂದಿಸಿ, ಅಲ್ಲಿಯೇ ಮಲ್ಟಿಪ್ಲೈ ಕೊಡಿ. ಅಕ್ಷರಗಳು ಚೂಪಾಗಿಯೂ ಬೆಟ್ಟಗಳು ಮೃದುವಾಗಿಯೂ ಉಳಿಯುತ್ತವೆ.

ಇದು ನಾವು ಕಂಡುಹಿಡಿದದ್ದೇನೂ ಅಲ್ಲ. ಈ ನಮ್ಮ ಚೆನ್ನೈಯ ಸೇಂಟ್ ಥಾಮಸ್ ಮೌಂಟಿನ ಬಳಿಯಲ್ಲಿಯೇ 1802ರಲ್ಲಿ ಲ್ಯಾಂಬ್ಟನ್ ಸಾಹೇಬರು ತಮ್ಮ ಮಹಾ ಮೋಜಣಿಗೆ ಮೊದಲ ಅಡಿಗೆರೆ ಅಳೆದರು. ಆಮೇಲಿನ ಕಾಲದಲ್ಲಿ ಸರ್ವೆ ಆಫ್ ಇಂಡಿಯಾದ ನಕ್ಷೆಗಳು ಬಣ್ಣದಲ್ಲಿ ಅಚ್ಚಾದಾಗ, ಎತ್ತರದ ಕಂದು ಗೆರೆಗೆ ಒಂದು ಫಲಕ, ನೀರಿನ ನೀಲಿಗೆ ಒಂದು, ಕಪ್ಪು ಅಕ್ಷರಕ್ಕೆ ಇನ್ನೊಂದು ಎಂದು ಬೇರೆ ಬೇರೆ ಇಟ್ಟು, ಕೂಡುಗುರುತುಗಳ ಮೇಲೆ ಒಂದಾದ ಮೇಲೊಂದು ಒತ್ತುತ್ತಿದ್ದರು. ನಾವು ಕಂಪ್ಯೂಟರಿನಲ್ಲಿ ಮಾಡುವುದೂ ಅದೇ.

3. ಛಾಯೆಯನ್ನು ಅಲ್ಲಿ ಹೊಸದಾಗಿ ಹಾಕುವುದು. ನೆರಳು, ಹೊಳಪು, ಮಸುಕು ಇಂಥವು ಬೇಕೇ ಬೇಕೆಂದಿದ್ದರೆ ನಕ್ಷೆಯ ತಂತ್ರಾಂಶದಲ್ಲಿ ಹಾಕಲೇಬೇಡಿ. ಬರಿಯ ರೇಖೆಗಳನ್ನು ಕಳುಹಿಸಿ, ಚಿತ್ರದ ತಂತ್ರಾಂಶದಲ್ಲಿ ಹಾಕಿಕೊಳ್ಳಿ. ಯಾವ ಬಣ್ಣ, ಎಷ್ಟು ಶೇಕಡಾ, ಎಷ್ಟು ಮಿಲಿಮೀಟರು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವರ್ಷ ನಕ್ಷೆ ತಿದ್ದುವಾಗ ಹುಡುಕಾಡಬೇಕಾಗಿಲ್ಲ.

ಕನ್ನಡ ಅಕ್ಷರದ ಮಾತು

ಇಂಗ್ಲಿಷ್ ನಕ್ಷೆ ಮಾಡುವವರಿಗೆ ಇಲ್ಲದ ಒಂದು ಕಷ್ಟ ನಮಗಿದೆ. ನಮ್ಮ ಒತ್ತಕ್ಷರವೂ ಒಂದು ಬಗೆಯ ಲೆಕ್ಕವೇ. ಕಡತದಲ್ಲಿರುವುದು ಶ, ವಿರಾಮ, ವ, ಏತ್ವದ ದೀರ್ಘ ಎಂಬ ಬಿಡಿ ಸಂಕೇತಗಳು. ಅವನ್ನು ಕೂಡಿಸಿ ‘ಶ್ವೇ’ ಎಂದು ತೋರಿಸುವುದು ತೆರೆಯುವ ತಂತ್ರಾಂಶದ ಕೆಲಸ. ಅದಕ್ಕೆ ಆ ಕ್ರಮ ಗೊತ್ತಿಲ್ಲದಿದ್ದರೆ, ಅಥವಾ ಅದೇ ಫಾಂಟು ಅಲ್ಲಿಲ್ಲದಿದ್ದರೆ, ಹೆಸರು ಒಡೆಯುತ್ತದೆ. ಇಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳಿಗೆಂದು ಬೇರೆ ಜೋಡಣೆಯ ಕ್ರಮವಿದೆ. ಅದನ್ನು ಆರಿಸದಿದ್ದರೆ ಇದೇ ಅವಸ್ಥೆ.

ಆದಕಾರಣ ಅಚ್ಚಿಗೆ ಕೊಡುವ ಪ್ರತಿಯಲ್ಲಿ ‘ಅಕ್ಷರಗಳನ್ನು ರೇಖಾರೂಪವಾಗಿ ಕಳುಹಿಸು’ ಎಂಬುದನ್ನೇ ಆರಿಸಬೇಕು. ಆಗ ಅಕ್ಷರ ಚಿತ್ರವಾಗಿ ಹೋಗುತ್ತದೆ. ಫಾಂಟು ಬೇಕಿಲ್ಲ, ಒತ್ತು ಒಡೆಯದು. ಆದರೆ ಕಾಗುಣಿತದ ತಪ್ಪು ಕಂಡರೆ ಅಲ್ಲಿ ತಿದ್ದಲಾಗದು. ಹೀಗಾಗಿ ನಾವು ಎರಡು ಪ್ರತಿ ಇಟ್ಟುಕೊಳ್ಳುತ್ತೇವೆ: ತಿದ್ದುವುದಕ್ಕೆ ಕ್ಯೂಜಿಐಎಸ್‌ನ ಮೂಲಪ್ರತಿ, ಅಚ್ಚಿಗೆ ರೇಖಾರೂಪದ ಪ್ರತಿ. ಕಳುಹಿಸುವ ಮುನ್ನ ಹೆಸರುಗಳನ್ನೆಲ್ಲ ಒಬ್ಬರು ಗಟ್ಟಿಯಾಗಿ ಓದುವುದು, ಮತ್ತೊಬ್ಬರು ಪಟ್ಟಿಯಲ್ಲಿ ಗುರುತು ಹಾಕುವುದು. ಗಿರಣಿಯಲ್ಲಿ ಪಗಾರದ ಪಟ್ಟಿ ತಾಳೆ ನೋಡುವಂತೆ. ಹೆಸರುಗಳ ಸುತ್ತ ಒಂದು ತೆಳ್ಳನೆಯ ಬಿಳಿ ಅಂಚು ಕೊಡುವುದನ್ನೂ ಈಗ ರೂಢಿ ಮಾಡಿಕೊಂಡಿದ್ದೇವೆ. ಕೆಳಗಿನ ಬಣ್ಣ ಏನೇ ಆಗಲಿ, ಹೆಸರು ಓದಲು ಬರುತ್ತದೆ.

ಅಚ್ಚಿಗೆ ಮುನ್ನ ಮಾಡಬೇಕಾದ ಪರೀಕ್ಷೆ

ಅಳತೆಯ ವಿಷಯದಲ್ಲಿಯೂ ಒಂದು ಮೋಸವಿದೆ. ಇಂಕ್‌ಸ್ಕೇಪ್ ಈಗ ಒಂದು ಅಂಗುಲಕ್ಕೆ 96 ಮಾನ ಎಣಿಸುತ್ತದೆ. ಇಲಸ್ಟ್ರೇಟರ್ 72 ಎಣಿಸುತ್ತದೆ. ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಸ್‌ವಿಜಿ ನಕ್ಷೆ ಕೆಲವೊಮ್ಮೆ ಅಳತೆ ಕೆಟ್ಟು ಬರುತ್ತದೆ. ಹಾಳೆಯ ಅಂಚಿನಲ್ಲಿ ಸರಿಯಾಗಿ 100 ಮಿಲಿಮೀಟರಿನ ಒಂದು ಗೆರೆ ಎಳೆದಿಡಿ. ಕರಡು ಬಂದಾಗ ಅಡಿಪಟ್ಟಿಯಿಂದ ಅಳೆಯಿರಿ. 75 ಬಂದರೆ ಏನಾಯಿತೆಂದು ತಿಳಿಯಿತಷ್ಟೆ. ಎಸ್‌ವಿಜಿಯಲ್ಲಿ ರಸ್ತೆಗಳು ಚೌಕಟ್ಟಿನ ಹೊರಗೂ ಚಾಚಿಕೊಂಡಿರುವುದುಂಟು. ಅವನ್ನು ಚಿತ್ರದ ತಂತ್ರಾಂಶದಲ್ಲಿ ಕತ್ತರಿಸಬೇಕು.

ಕಡೆಯದಾಗಿ, ಕರಡನ್ನು ಒಮ್ಮೆ ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿ ನೋಡಿ. ನಾವು ಹಂಚುವ ಹಾಳೆ ಕೈಯಿಂದ ಕೈಗೆ ಜೆರಾಕ್ಸ್ ಆಗಿಯೇ ಹೋಗುವುದು. ಅಲ್ಲಿಯೂ ದಾರಿ ತಿಳಿದರೆ ನಕ್ಷೆ ಗೆದ್ದಂತೆ.

ನಮ್ಮ ಎರಡನೆಯ ಕರಡನ್ನು ಮೊದಲು ತೋರಿಸಿದ್ದು ಆ ರಾಯಚೂರು ಕಡೆಯ ಹುಡುಗನಿಗೇ. ಸೆಂಟ್ರಲ್‌ನಿಂದ ನಮ್ಮ ವಾಚನಾಲಯದವರೆಗೆ ಬೆರಳಿಟ್ಟು ತೋರಿಸೆಂದೆವು. ಅವನ ಬೆರಳು ಅಣ್ಣಾ ನಗರ ಪೂರ್ವದಲ್ಲಿ ಒಂದು ಕ್ಷಣ ನಿಂತು, ಮುಂದೆ ಹೋಗಿ, ಟವರ್‌ನಲ್ಲಿ ಇಳಿಯಿತು. ಆಮೇಲೆಯೇ ಅಚ್ಚಿಗೆ ಕೊಟ್ಟೆವು. ಮೊದಲ ಅಚ್ಚಿನಲ್ಲಿ ಹಂಚದೆ ಉಳಿದ ಪ್ರತಿಗಳ ಹಿಂಬದಿಯಲ್ಲಿ ವಾಚನಾಲಯದ ಹಾಜರಿ ಬರೆಯುತ್ತಿದ್ದೇವೆ.

ಹೊಸ ನಕ್ಷೆ ವಾಚನಾಲಯದ ಮೇಜಿನ ಮೇಲಿದೆ. ಬೇಕಾದವರು ಉಚಿತವಾಗಿ ತೆಗೆದುಕೊಳ್ಳಬಹುದು. ತಪ್ಪು ಕಂಡವರು ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದರೆ ಉಪಕಾರವಾಗುವುದು. ಈ ಕೆಲಸ ಕಲಿಯಬೇಕೆನ್ನುವವರು ಭಾನುವಾರ ಬನ್ನಿ. ನಮಗೆ ತಿಳಿದಷ್ಟನ್ನು ಹೇಳಿಕೊಡುತ್ತೇವೆ, ತಿಳಿದವರಿಂದ ನಾವೂ ಕಲಿಯುತ್ತೇವೆ.